‘ಒನ್ಸ್ ಅಪಾನ್ ಎ ಟೈಮ್ ಇನ್ ಅಮೆರಿಕ’ ಬಗ್ಗೆ ಜನರ ಅಭಿಪ್ರಾಯ ಇಷ್ಟೊಂದು ಬೇರೆ ಬೇರೆ ಯಾಕೆ? ಯಾವ ಆವೃತ್ತಿ ನೋಡಬೇಕು?

ಒಬ್ಬರು ಗ್ಯಾಂಗ್‌ಸ್ಟರ್ ಚಿತ್ರಗಳಲ್ಲೇ ಇದು ಶ್ರೇಷ್ಠ ಅನ್ನುತ್ತಾರೆ, ಇನ್ನೊಬ್ಬರು ತಲೆಬುಡ ತಿಳಿಯದೆ ಅರ್ಧಕ್ಕೇ ನಿಲ್ಲಿಸಿದೆ ಅನ್ನುತ್ತಾರೆ, ಯಾರ ಮಾತು ನಂಬಲಿ ಎಂದು ಕೇಳಿದ್ದೀರಿ. ನಂಬುವುದಕ್ಕೆ ಮುಂಚೆ ಅವರನ್ನು ಒಂದು ಪ್ರಶ್ನೆ ಕೇಳಿ: ನೀವು ನೋಡಿದ್ದು ಎಷ್ಟು ನಿಮಿಷದ ಚಿತ್ರ? ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ.

ಸರ್ಜಿಯೋ ಲಿಯೋನೆ ನಿರ್ದೇಶಿಸಿದ ಈ ಕೊನೆಯ ಚಿತ್ರ 1984ರ ಮೇ ತಿಂಗಳಲ್ಲಿ ಕಾನ್ ಚಿತ್ರೋತ್ಸವದಲ್ಲಿ ಮೊದಲು ತೆರೆ ಕಂಡಿತು. ಯುರೋಪಿನಲ್ಲಿ ಬಿಡುಗಡೆಯಾದ ಪ್ರತಿ 229 ನಿಮಿಷದ್ದು. ಜೂನ್‌ನಲ್ಲಿ ಅಮೆರಿಕದ ಚಿತ್ರಮಂದಿರಗಳಿಗೆ ಹೋದದ್ದು 139 ನಿಮಿಷದ್ದು. ಒಂದೂವರೆ ಗಂಟೆಯಷ್ಟು ಭಾಗವನ್ನು ನಿರ್ದೇಶಕನ ಒಪ್ಪಿಗೆಯಿಲ್ಲದೆ ವಿತರಕರೇ ಕತ್ತರಿಸಿದ್ದರು. ಕತ್ತರಿಸಿದ್ದಕ್ಕಿಂತ ದೊಡ್ಡ ಅನಾಹುತ ಜೋಡಿಸಿದ ರೀತಿಯಲ್ಲಿತ್ತು: ಹಿಂದೆ ಮುಂದೆ ಓಡಾಡುವ ಕಥೆಯನ್ನು ಬಾಲ್ಯ, ಯೌವನ, ಮುಪ್ಪು ಎಂದು ನೇರ ಸಾಲಿಗೆ ತಂದು ನಿಲ್ಲಿಸಿದರು. ಇದು ನೂಡಲ್ಸ್ ಎಂಬ ಮುದುಕನೊಬ್ಬ ನೆನಪು ಮಾಡಿಕೊಳ್ಳುವ ಚಿತ್ರ. ನೆನಪಿನ ಕ್ರಮವನ್ನೇ ತೆಗೆದುಬಿಟ್ಟರೆ ಉಳಿಯುವುದು ನಾಲ್ಕು ಪುಂಡರ ಸಾಧಾರಣ ಕಥೆ. ಆ ಪ್ರತಿಯನ್ನು ನೋಡಿ ಬೈದವರ ತಪ್ಪೇನಿಲ್ಲ, ಅವರು ಬೈದದ್ದು ಬೇರೆ ಚಿತ್ರವನ್ನು ಅಷ್ಟೇ.

ಹಾಗಾಗಿ ಡಿಸ್ಕ್ ಆಗಲಿ, ಸ್ಟ್ರೀಮಿಂಗ್ ಆಗಲಿ, ಮೊದಲು ಅವಧಿ ನೋಡಿ. 139 ಅಂತಿದ್ದರೆ ಬೇಡ. 229 ಇದ್ದರೆ ಅದೇ ಸರಿ. ಹಳೆಯ ಪಾಲ್ (ಯುರೋಪ್, ಭಾರತಗಳ ಹಳೆಯ ಟಿವಿ ಪದ್ಧತಿ) ಡಿವಿಡಿಯಲ್ಲಿ 220 ನಿಮಿಷ ಅಂತ ಬರೆದಿದ್ದರೆ ಗಾಬರಿಯಾಗಬೇಡಿ. ಸೆಕೆಂಡಿಗೆ 24 ಫ್ರೇಮಿನ ಚಿತ್ರವನ್ನು ಪಾಲ್ ವ್ಯವಸ್ಥೆ 25 ಫ್ರೇಮಿನ ವೇಗದಲ್ಲಿ ಓಡಿಸುತ್ತದೆ, ಸುಮಾರು ನಾಲ್ಕು ಪರ್ಸೆಂಟ್ ಸಮಯ ಉಳಿಯುತ್ತದೆ. ದೃಶ್ಯ ಯಾವುದೂ ಹೋಗಿರುವುದಿಲ್ಲ. 251 ಇದ್ದರೆ ಅದರ ಮಾತು ಕೊನೆಗೆ ಹೇಳುತ್ತೇನೆ.

ಸರಿಯಾದ ಪ್ರತಿ ಸಿಕ್ಕರೂ ಬಹಳ ಜನ ಮೊದಲ ಅರ್ಧ ಗಂಟೆಯಲ್ಲೇ ಸೋಲುತ್ತಾರೆ. ಕಥೆ ಮೂರು ಕಾಲದಲ್ಲಿ ನಡೆಯುತ್ತದೆ: 1920ರ ದಶಕದ ಆರಂಭ, ಪಾನನಿಷೇಧ ಮುಗಿಯುವ 1933ರ ಆಸುಪಾಸು, ಮತ್ತೆ 1968. ಕಾಲ ಬದಲಾದದ್ದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ವಸ್ತುಗಳನ್ನು ಹಿಡಿದುಕೊಂಡೇ ಹೋಗಬೇಕು. ರೈಲು ನಿಲ್ದಾಣದ ಲಾಕರಿನ ಕೀಲಿ, ಅದರೊಳಗಿನ ಸೂಟ್‌ಕೇಸು, ನೂಡಲ್ಸ್‌ನ ಗೆಳೆಯ ಫ್ಯಾಟ್ ಮೋನ ಹೋಟೆಲಿನ ಶೌಚಾಲಯದ ಗೋಡೆಯಲ್ಲಿರುವ ಇಣುಕುಗಂಡಿ, ಈ ಮೂರನ್ನು ನೆನಪಿಟ್ಟುಕೊಂಡರೆ ಸಾಕು. ನಿಲ್ದಾಣದಲ್ಲಿ ಯುವಕ ನೂಡಲ್ಸ್ ಟಿಕೆಟ್ ಕೊಂಡು ಊರು ಬಿಡುತ್ತಾನೆ, ಸ್ವಲ್ಪ ಹೊತ್ತಿಗೆ ಅದೇ ಜಾಗದಲ್ಲಿ ಮುದಿ ನೂಡಲ್ಸ್ ಆಗಿ ನರೆಗೂದಲಿನ ರಾಬರ್ಟ್ ಡಿ ನಿರೋ ನಿಂತಿರುತ್ತಾರೆ, ಹಿನ್ನೆಲೆಯಲ್ಲಿ ಬೀಟಲ್ಸ್‌ರ ‘ಯೆಸ್ಟರ್‌ಡೇ’ ರಾಗ. ನಡುವಿನ ಮೂವತ್ತೈದು ವರ್ಷ ಹೋದದ್ದು ಹಾಗೆ.

ಇನ್ನು ಆ ಫೋನಿನ ಗಂಟೆ. ನೋಡಿದವರೆಲ್ಲ ಇದರ ಬಗ್ಗೆ ದೂರುತ್ತಾರೆ. ಅಫೀಮಿನ ಮತ್ತಿನಲ್ಲಿ ಮಲಗಿರುವ ನೂಡಲ್ಸ್‌ಗೆ ಗಂಟೆ ಕೇಳಿಸುತ್ತದೆ, ಅಲ್ಲಿ ಫೋನೇ ಇಲ್ಲ. ಮಳೆಯ ಬೀದಿಯಲ್ಲಿ ಹೆಣಗಳು, ಗಂಟೆ ನಿಲ್ಲುವುದಿಲ್ಲ. ಔತಣಕೂಟ, ಆಗಲೂ ನಿಲ್ಲುವುದಿಲ್ಲ. ಅವನು ರಿಸೀವರ್ ಎತ್ತುತ್ತಾನೆ, ಆಗಲೂ ಬಾರಿಸುತ್ತಲೇ ಇರುತ್ತದೆ. ಪೊಲೀಸ್ ಅಧಿಕಾರಿಯ ಮೇಜಿನ ಫೋನನ್ನು ಎತ್ತಿದಾಗಷ್ಟೇ ನಿಲ್ಲುತ್ತದೆ. ಗೆಳೆಯರ ಸುಳಿವನ್ನು ಅವನೇ ಪೊಲೀಸರಿಗೆ ಕೊಟ್ಟ ಕರೆ ಅದು, ಅವನ ತಲೆಯೊಳಗೆ ಇನ್ನೂ ಬಾರಿಸುತ್ತಿದೆ. ಕಿರಿಕಿರಿ ಆಗಬೇಕೆಂದೇ ಮಾಡಿದ್ದು. ದಯವಿಟ್ಟು ಮ್ಯೂಟ್ ಮಾಡಬೇಡಿ.

‘ತುಂಬಾ ನಿಧಾನ’ ಅನ್ನುವ ದೂರು ನಿಜವೇ. ಆದರೆ ಎಲ್ಲಿ ನಿಧಾನ ಅಂತ ನೋಡಬೇಕು. ಬಾಲ್ಯದ ಭಾಗದಲ್ಲಿ ಪ್ಯಾಟ್ಸಿ ಎಂಬ ಹುಡುಗ, ಪೆಗಿ ಎಂಬ ಹುಡುಗಿಯ ಸಂಗಕ್ಕೆ ಬೆಲೆಯಾಗಿ ಕೆನೆ ಹಾಕಿದ ಕೇಕು ಕೊಂಡು ತರುತ್ತಾನೆ. ಅವಳು ಬರುವವರೆಗೆ ಮೆಟ್ಟಿಲ ಮೇಲೆ ಕೂತು ಕಾಗದ ಬಿಚ್ಚಿ ಬೆರಳಲ್ಲಿ ಒಂದಿಷ್ಟು ಕೆನೆ ನೆಕ್ಕುತ್ತಾನೆ, ಮತ್ತೆ ಮುಚ್ಚುತ್ತಾನೆ, ಮತ್ತೆ ಬಿಚ್ಚುತ್ತಾನೆ, ಕೊನೆಗೆ ಪೂರ್ತಿ ತಿಂದುಬಿಡುತ್ತಾನೆ. ಮಾತೇ ಇಲ್ಲ. ಇವನು ಗ್ಯಾಂಗಿನವನಾಗಲು ಹೊರಟ ಮಗು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ನಿಧಾನ ಮಾಡದೆ ಇದನ್ನು ತೋರಿಸಲು ಆಗುವುದಿಲ್ಲ. ಎನ್ನಿಯೋ ಮೊರಿಕೋನೆ ಸಂಗೀತವನ್ನು ಚಿತ್ರೀಕರಣಕ್ಕೆ ಮುಂಚೆಯೇ ರಚಿಸಿದ್ದರು, ಸೆಟ್‌ನಲ್ಲಿ ಅದನ್ನು ಹಾಕಿಕೊಂಡೇ ಚಿತ್ರೀಕರಿಸುತ್ತಿದ್ದರು. ನಟರ ನಡಿಗೆಗೂ ರಾಗಕ್ಕೂ ಅಷ್ಟು ಹೊಂದಾಣಿಕೆ ಬಂದಿರುವುದು ಅದಕ್ಕೇ. ಒಂದೇ ಸಲಕ್ಕೆ ಕೂತು ನೋಡಲು ಆಗದಿದ್ದರೆ ಹುಡುಗ ನೂಡಲ್ಸ್ ಜೈಲಿಗೆ ಹೋಗುವಲ್ಲಿ ನಿಲ್ಲಿಸಿ, ಸುಮಾರು ಒಂದೂವರೆ ಗಂಟೆಗೆ ಬರುತ್ತದೆ. ಗುಂಡು ಹಾರುವುದನ್ನೇ ಕಾಯುವವರಿಗೆ ಈ ಚಿತ್ರ ಬೇಡ. ‘ಗಾಡ್‌ಫಾದರ್’ಗೆ ಹೋಲಿಸಿಯೂ ನೋಡಬೇಡಿ. ಅಲ್ಲಿ ಮನೆತನ, ಅಧಿಕಾರ. ಇಲ್ಲಿ ಪಶ್ಚಾತ್ತಾಪ ಬಿಟ್ಟರೆ ಏನೂ ಕೈಗೆ ಸಿಗದವನು.

ಒಂದು ದೂರನ್ನು ಮಾತ್ರ ನಾನು ತಳ್ಳಿಹಾಕಲಾರೆ. ಚಿತ್ರದಲ್ಲಿ ಎರಡು ಅತ್ಯಾಚಾರದ ದೃಶ್ಯಗಳಿವೆ. ಕಾರಿನಲ್ಲಿ ನೂಡಲ್ಸ್ ತಾನು ಪ್ರೀತಿಸಿದ ಡೆಬೊರಾ ಮೇಲೆ ನಡೆಸುವುದು ಸಹಿಸಲಾರದಷ್ಟು ಉದ್ದ, ಆದರೆ ಅಲ್ಲಿ ಚಿತ್ರ ನೂಡಲ್ಸ್‌ನ ಪರ ವಹಿಸುವುದಿಲ್ಲ. ವಜ್ರ ದೋಚುವಾಗ ಕ್ಯಾರಲ್ ಮೇಲೆ ನಡೆಯುವುದನ್ನು ಮಾತ್ರ ಆಮೇಲೆ ಹಾಸ್ಯದ ವಿಷಯ ಮಾಡಿಕೊಂಡಿದೆ. ಅದಕ್ಕೆ ಕಾಲದ ನೆಪ, ಕಲೆಯ ನೆಪ ಕೊಡುವವರ ಮಾತು ನನಗೆ ಒಪ್ಪಿಗೆಯಿಲ್ಲ. ಮನೆಮಂದಿಯೆಲ್ಲ ಕೂತು ನೋಡುವ ಚಿತ್ರ ಖಂಡಿತ ಅಲ್ಲ.

ಮುಂದಿನ ಪ್ಯಾರಾದಲ್ಲಿ ಅಂತ್ಯದ ವಿಷಯವಿದೆ, ಚಿತ್ರ ನೋಡದವರು ಬಿಟ್ಟು ಓದಿ.

1968ರದ್ದೆಲ್ಲ ಅಫೀಮಿನ ಕನಸು ಎಂಬ ವಾದ ನಿಮ್ಮ ಕಣ್ಣಿಗೂ ಬಿದ್ದಿರಬೇಕು. ಚಿತ್ರ ಮುಗಿಯುವುದು 1933ರ ಅಫೀಮಿನಂಗಡಿಯಲ್ಲಿ, ನೂಡಲ್ಸ್‌ನ ನಗುವಿನ ಮೇಲೆ. ಮೋಸ ಮಾಡಿದವನು ತಾನಲ್ಲ, ಮೋಸ ಹೋದವನು ಎಂದು ಅವನಿಗೆ 1968ರಲ್ಲಿ ಗೊತ್ತಾಗುವುದು ತಪ್ಪಿತಸ್ಥನೊಬ್ಬ ತನಗಾಗಿ ಕಟ್ಟಿಕೊಂಡ ಸಮಾಧಾನದಂತೆಯೇ ಇದೆ. ಎದುರು ವಾದವೂ ಗಟ್ಟಿ: ಟಿವಿ, ಫ್ರಿಸ್ಬಿ, ಬೀಟಲ್ಸ್ ರಾಗ ಇವೆಲ್ಲ 1933ರವನ ಕನಸಿಗೆ ಬರುವುದು ಹೇಗೆ? ಲಿಯೋನೆ ಕನಸಿನ ಅರ್ಥವನ್ನು ಅಲ್ಲಗಳೆಯಲಿಲ್ಲ, ಅದೊಂದೇ ಸರಿ ಅಂತಲೂ ಅನ್ನಲಿಲ್ಲ. ಅಮೆರಿಕದ ಪ್ರತಿಯಲ್ಲಂತೂ ಈ ಪ್ರಶ್ನೆಯೇ ಏಳುವುದಿಲ್ಲ. ಕೊನೆಯಲ್ಲಿ ಕಸದ ಲಾರಿಯ ಹತ್ತಿರ ಬಂದ ಮನುಷ್ಯ ಏನಾದ ಎಂಬ ಒಗಟನ್ನು ತೆಗೆದು, ಪರದೆಯಾಚೆ ಒಂದು ಗುಂಡಿನ ಸದ್ದು ಕೇಳಿಸಿ ಮುಗಿಸಿದ್ದಾರೆ.

251 ನಿಮಿಷದ ಪ್ರತಿ 2012ರಲ್ಲಿ ಕಾನ್‌ನಲ್ಲಿ ತೋರಿಸಿದ ಪುನರುಜ್ಜೀವಿತ ಪ್ರತಿಯಿಂದ ಬೆಳೆದದ್ದು. ಸ್ಮಶಾನದಲ್ಲಿ ನಟಿ ಲೂಯಿಸ್ ಫ್ಲೆಚರ್ ಇರುವ ದೃಶ್ಯ, ರಂಗದ ಮೇಲೆ ಕ್ಲಿಯೋಪಾತ್ರಳಾಗಿ ಡೆಬೊರಾ, ನೂಡಲ್ಸ್ ಮತ್ತು ಅವನ ಗೆಳತಿ ಈವ್‌ರ ಮೊದಲ ಭೇಟಿ ಇದರಲ್ಲಿ ಮಾತ್ರ ಸಿಗುತ್ತವೆ. ಈವ್ ಏಕಾಏಕಿ ಎಲ್ಲಿಂದ ಬಂದಳು ಎಂದು 229ರಲ್ಲಿ ಕಾಡುವ ಗೊಂದಲ ಇಲ್ಲಿ ತೀರುತ್ತದೆ. ಆದರೂ ಮೊದಲ ಸಲಕ್ಕೆ ನಾನು 229 ಅಂತಲೇ ಹೇಳುವುದು, ಸೇರಿಸಿದ ತುಣುಕುಗಳು ಓಟವನ್ನು ಅಲ್ಲಲ್ಲಿ ಮುರಿಯುತ್ತವೆ. ಮೂಲ ನೆಗೆಟಿವ್ ಸಿಗದೆ ಅವನ್ನು ಎಡಿಟಿಂಗಿಗೆ ಬಳಸಿದ ವರ್ಕ್‌ಪ್ರಿಂಟ್‌ನಿಂದ ತೆಗೆದಿರುವುದರಿಂದ ಬಣ್ಣ ಇದ್ದಕ್ಕಿದ್ದಂತೆ ಮಂಕಾಗಿ ಚಿತ್ರ ಒರಟಾಗುತ್ತದೆ. ಡಿಸ್ಕ್ ಕೆಟ್ಟಿದೆ ಅಂತ ಅಂಗಡಿಗೆ ವಾಪಸ್ ಕೊಡಬೇಡಿ.