ಅಮ್ಮನ ರಿಪೋರ್ಟಿನ ಎರಡನೇ ಹಾಳೆ

ಪ್ರಶ್ನೆ: ನಮಸ್ಕಾರ ಡಾಕ್ಟರೇ. ನಮ್ಮ ಅಮ್ಮನಿಗೆ 71 ವರ್ಷ. ಮೊನ್ನೆ ಮಾರ್ಚಿನಲ್ಲಿ ದೊಡ್ಡ ಕರುಳಿನ ಬಲಭಾಗದ ಗಡ್ಡೆಗೆ ಆಪರೇಷನ್ ಆಯಿತು. ಬೇರೆ ಕಡೆ ಹರಡಿಲ್ಲ ಎಂದರು. ಆಮೇಲೆ ಬಂದ ರಿಪೋರ್ಟಿನಲ್ಲಿ ‘ಎಂಎಲ್‌ಎಚ್1, ಪಿಎಂಎಸ್2 ಇಲ್ಲ’ ಎಂದಿದೆ. ಅದನ್ನು ನೋಡಿದ ಪರಿಚಯದವರೊಬ್ಬರು, ಇದು ವಂಶದಲ್ಲೇ ಇಳಿದು ಬರುವ ಕ್ಯಾನ್ಸರ್ ಎಂದುಬಿಟ್ಟರು. ಅಕ್ಕನ ಮಗಳ ಮದುವೆ ಮಾತುಕತೆ ನಡೆಯುತ್ತಿದೆ; ಅಕ್ಕ ಅವತ್ತಿನಿಂದ ಸರಿಯಾಗಿ ಊಟ ಮಾಡಿಲ್ಲ. ಎರಡನೇ ಹಾಳೆಯಲ್ಲಿ ‘ಎಂಎಲ್‌ಎಚ್1 ಪ್ರೊಮೋಟರ್ ಮೆಥಿಲೇಶನ್ ಪಾಸಿಟಿವ್, ಬಿಆರ್‌ಎಎಫ್ ವಿ600ಇ ಪಾಸಿಟಿವ್’ ಅಂತಲೂ ಇದೆ. ಎರಡೆರಡು ಪಾಸಿಟಿವ್ ಅಂದರೆ ಇನ್ನೂ ಕೆಟ್ಟದ್ದಾ? ಮೆಥಿಲೇಶನ್ ತೆಗೆಯುವ ಇಂಜೆಕ್ಷನ್ ಇದೆಯಂತೆ, ಅಮ್ಮನಿಗೆ ಕೊಡಿಸಬಹುದಾ?
– ಹೆಸರು ಬೇಡ, ಸಾಗರ

ಉತ್ತರ: ಮೊದಲು ಅಕ್ಕನಿಗೆ ಊಟಕ್ಕೆ ಬಡಿಸಿ, ಆಮೇಲೆ ಇದನ್ನು ಓದಿ ಹೇಳಿ. ಎರಡನೇ ಹಾಳೆಯ ಆ ಎರಡು ಪಾಸಿಟಿವ್‌ಗಳೇ ನಿಮ್ಮ ಮನೆಗೆ ಬಂದ ಒಳ್ಳೆಯ ಸುದ್ದಿ.

ಇಂಥ ರಿಪೋರ್ಟು ಬರೆದುಕೊಂಡೇ ನಾನು ಮೂವತ್ತು ವರ್ಷ ಅನ್ನ ತಿಂದವಳು. ಹಾಗಾಗಿ ಆ ಗಾಜಿನ ಸ್ಲೈಡಿನಲ್ಲಿ ಏನು ಕಾಣುತ್ತದೆ ಎಂಬುದರಿಂದಲೇ ಶುರು ಮಾಡುತ್ತೇನೆ. ಎಂಎಲ್‌ಎಚ್1 ಎಂಬ ಪ್ರೋಟೀನ್ ಇದ್ದ ಕಡೆ ಕಂದು ಬಣ್ಣ ಹತ್ತುವ ಹಾಗೆ ನಾವು ಸ್ಲೈಡಿಗೆ ಬಣ್ಣ ಹಾಕುತ್ತೇವೆ. ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟರೆ, ಗಡ್ಡೆಯ ಸುತ್ತಲಿನ ಆರೋಗ್ಯವಂತ ಜೀವಕೋಶಗಳ ನಡುಬೊಟ್ಟು ಕಾಫಿಪುಡಿ ಚೆಲ್ಲಿದ ಹಾಗೆ ಕಂದುಕಂದಾಗಿ ಕಾಣುತ್ತದೆ. ಗಡ್ಡೆಯ ಕೋಶಗಳಲ್ಲಿ ಮಾತ್ರ ಕಂದಿನ ಸುಳಿವೇ ಇರುವುದಿಲ್ಲ, ಬರೀ ತಿಳಿನೀಲಿ. ‘ಇಲ್ಲ’ ಎಂದು ಬರೆದದ್ದು ಇದನ್ನೇ. ಪಿಎಂಎಸ್2 ಪ್ರೋಟೀನು ಎಂಎಲ್‌ಎಚ್1ರ ಜೋಡಿ. ಜೋಡಿ ಹೋದರೆ ಅದೂ ಉಳಿಯುವುದಿಲ್ಲ. ಅದಕ್ಕೇ ಎರಡೂ ಒಟ್ಟಿಗೆ ಮಾಯ.

ಎಂಎಲ್‌ಎಚ್1ರ ಕೆಲಸ ಕರಡು ತಿದ್ದುವುದು. ಜೀವಕೋಶ ಒಂದು ಎರಡಾಗುವಾಗ ಡಿಎನ್‌ಎಯ ನೂರಾರು ಕೋಟಿ ಅಕ್ಷರಗಳ ನಕಲು ಆಗಬೇಕು. ತಪ್ಪು ಬಿದ್ದೇ ಬೀಳುತ್ತದೆ. ತಿದ್ದುವವನು ರಜೆ ಹಾಕಿದರೆ ತಪ್ಪು ರಾಶಿಯಾಗುತ್ತಾ ಹೋಗುತ್ತದೆ, ಅಂಥ ಕಡೆ ಗಡ್ಡೆಗೆ ದಾರಿಯಾಗುತ್ತದೆ.

ಈಗ ಪ್ರಶ್ನೆ, ಅವನು ಯಾಕೆ ಇಲ್ಲ? ನಿಮ್ಮದು ಮಲೆನಾಡು, ಉದಾಹರಣೆ ಹುಡುಕುವುದು ಕಷ್ಟವಲ್ಲ. ಅಟ್ಟದ ಮೇಲಿನ ಹಳೇ ಪುಸ್ತಕ ಎರಡು ರೀತಿ ಕೆಡುತ್ತದೆ. ಗೆದ್ದಲು ಹಿಡಿದರೆ ಅಕ್ಷರವೇ ಹೋಯಿತು. ಮಳೆಗಾಲದ ತೇವಕ್ಕೆ ಹಾಳೆಗಳು ಅಂಟಿಕೊಂಡರೆ ಅಕ್ಷರವೆಲ್ಲ ಇದ್ದಲ್ಲೇ ಇರುತ್ತದೆ, ಬಿಡಿಸಿ ಓದಲು ಬರುವುದಿಲ್ಲ ಅಷ್ಟೆ. ಲಿಂಚ್ ಸಿಂಡ್ರೋಮ್ ಎನ್ನುವ ವಂಶಪಾರಂಪರ್ಯದ ಕಾಯಿಲೆ ಗೆದ್ದಲಿನ ಜಾತಿಯದು: ಕೆಟ್ಟ ಹಾಳೆಯೊಂದು ಹುಟ್ಟಿನಿಂದಲೇ ಮೈಯ ಪ್ರತಿ ಕೋಶದಲ್ಲೂ ಇರುತ್ತದೆ, ಮಕ್ಕಳಿಗೆ ಇಳಿಯುವ ಸಾಧ್ಯತೆ ಅರ್ಧಕ್ಕರ್ಧ. ನಿಮ್ಮ ಅಮ್ಮನದು ಹಾಳೆ ಅಂಟಿಕೊಂಡ ಜಾತಿ. ಒಂದು ಇಂಗಾಲ, ಮೂರು ಜಲಜನಕ ಸೇರಿದ ಮೆಥಿಲ್ ಎಂಬ ಪುಟ್ಟ ಕಣಗಳು ಎಂಎಲ್‌ಎಚ್1 ತಯಾರಿಸುವ ಜೀನಿನ ಆರಂಭದ ಸಾಲಿಗೆ, ಅಂದರೆ ಪ್ರೊಮೋಟರಿಗೆ, ಸಾಲಾಗಿ ಮೆತ್ತಿಕೊಂಡಿವೆ; ರಿಪೋರ್ಟಿನ ‘ಮೆಥಿಲೇಶನ್’ ಇದೇ. ಕೋಶಕ್ಕೆ ಆ ಪುಟ ತೆರೆಯಲಾಗುತ್ತಿಲ್ಲ. ಅಕ್ಷರ ಬದಲಾಗದೆ ಓದು ಮಾತ್ರ ನಿಲ್ಲುವ ಇಂಥ ಬದಲಾವಣೆಗೇ ಎಪಿಜೆನೆಟಿಕ್ ಎಂದು ಹೆಸರು. 1998ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನವರು ಇಂಥದ್ದೇ ಕರುಳಿನ ಕ್ಯಾನ್ಸರ್ ಕೋಶಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿ, ಮೆಥಿಲ್ ಕಳಚುವ ರಾಸಾಯನಿಕ ಹಾಕಿ ನೋಡಿದರು. ಎಂಎಲ್‌ಎಚ್1 ಮತ್ತೆ ಕಾಣಿಸಿಕೊಂಡಿತು, ತಿದ್ದುವ ಕೆಲಸವೂ ಶುರುವಾಯಿತು.

ಈ ಅಂಟು ಗಡ್ಡೆಯ ಒಂದು ಕೋಶದಿಂದ ಅದರ ಮರಿಕೋಶಕ್ಕೆ ನಕಲಾಗುತ್ತದೆ, ನಿಜ. ಆದರೆ ಅದು ಹುಟ್ಟಿದ್ದು ಅಮ್ಮನ ಕರುಳಿನಲ್ಲಿ, ವಯಸ್ಸಾದ ಮೇಲೆ, ನೀವೆಲ್ಲ ಹುಟ್ಟಿ ಎಷ್ಟೋ ವರ್ಷಕ್ಕೆ. ವಯಸ್ಸಾದವರಲ್ಲಿ, ಅದರಲ್ಲೂ ಹೆಂಗಸರಲ್ಲಿ, ಕರುಳಿನ ಬಲಭಾಗದಲ್ಲಿ ಇದು ಕಾಣುವುದು ಹೆಚ್ಚು. ಬಿಆರ್‌ಎಎಫ್ ಎಂಬ ಇನ್ನೊಂದು ಜೀನಿನಲ್ಲಿ ಕಂಡ ವಿ600ಇ ಎಂಬ ಬದಲಾವಣೆಯಂತೂ ಲಿಂಚ್ ಗಡ್ಡೆಗಳಲ್ಲಿ ಕಾಣುವುದು ತೀರಾ ಅಪರೂಪ. ಎರಡನ್ನೂ ಕೂಡಿಸಿ ನೋಡಿದರೆ ಇದು ವಂಶದ್ದಲ್ಲ ಎಂದೇ ಅರ್ಥ. ಮೈಯ ಎಲ್ಲ ಕೋಶಗಳಲ್ಲೂ ಈ ಮೆಥಿಲೇಶನ್ ಇರುವವರು ಅಲ್ಲೊಬ್ಬರು ಇಲ್ಲೊಬ್ಬರು ಇದ್ದಾರೆ. ಚಿಕ್ಕ ವಯಸ್ಸಿನವರಲ್ಲಿ ಗಡ್ಡೆ ಬಂದರೆ ಅದಕ್ಕಾಗಿ ರಕ್ತವನ್ನೂ ನೋಡುತ್ತೇವೆ. 71ರಲ್ಲಿ ಆ ಅನುಮಾನ ಬರುವುದಿಲ್ಲ.

ನಿಮ್ಮ ಪರಿಚಯದವರನ್ನು ಬೈಯಲು ನನಗೆ ಬಾಯಿಲ್ಲ. ಮೆಥಿಲೇಶನ್ ಪರೀಕ್ಷೆ ಕೈಗೆಟುಕದಿದ್ದ ಕಾಲದಲ್ಲಿ ನಾನೂ ಮೊದಲ ಹಾಳೆಗೇ ನಿಂತು ‘ಲಿಂಚ್ ಶಂಕೆ’ ಎಂದು ಬರೆದು ಕಳಿಸಿದ್ದೇನೆ. ಆ ಎರಡು ಪದ ಎಷ್ಟು ಮನೆಗಳ ನಿದ್ದೆ ಕೆಡಿಸಿತೋ.

ಇನ್ನು ಇಂಜೆಕ್ಷನ್. ನೀವು ಕೇಳಿದ್ದು ಬಹುಶಃ ಅಜಾಸಿಟಿಡಿನ್. 1964ರಲ್ಲಿ ಪ್ರಾಗ್‌ನ ರಸಾಯನ ವಿಜ್ಞಾನಿಗಳು ತಯಾರಿಸಿದ್ದು; 2004ರಲ್ಲಿ ಅಮೆರಿಕದಲ್ಲಿ ಎಂಡಿಎಸ್ ಎಂಬ ಅಸ್ಥಿಮಜ್ಜೆಯ ಕಾಯಿಲೆಗೆ ಒಪ್ಪಿಗೆ ಸಿಕ್ಕಿತು. ಅಲ್ಲಿ ಉಪಯೋಗವಿದೆ. ಕರುಳಿನ ಗಡ್ಡೆಗೆ ರೂಢಿಯ ಚಿಕಿತ್ಸೆಯಲ್ಲಿ ಅದಿಲ್ಲ: ಬೇಕಾದ ಪುಟವನ್ನಷ್ಟೇ ಆರಿಸಿ ಬಿಡಿಸುವ ಜಾಣತನ ಅದಕ್ಕಿಲ್ಲ, ಸಿಕ್ಕಿದ್ದನ್ನೆಲ್ಲ ಬಿಡಿಸುತ್ತದೆ. ನಿಮ್ಮ ಅಮ್ಮನಿಗಂತೂ ಅದರ ಅಗತ್ಯವೂ ಕಾಣುವುದಿಲ್ಲ. ಹರಡದ ಹಂತದಲ್ಲಿ ಈ ಬಗೆಯ ಗಡ್ಡೆ ಮತ್ತೆ ಬರುವುದು ಉಳಿದವಕ್ಕಿಂತ ಕಡಿಮೆ. ಮುಂದೆಂದಾದರೂ ಹರಡಿತು ಅಂತಲೇ ಇಟ್ಟುಕೊಳ್ಳಿ, ಅಕ್ಷರದೋಷ ಇಷ್ಟೊಂದು ತುಂಬಿದ ಗಡ್ಡೆಯನ್ನು ನಮ್ಮದೇ ರೋಗನಿರೋಧಕ ಕೋಶಗಳು ಸುಲಭವಾಗಿ ಗುರುತು ಹಿಡಿಯುವುದರಿಂದ, ಆ ಕೋಶಗಳನ್ನೇ ಗಡ್ಡೆಯ ಮೇಲೆ ಬಿಡುವ ಇಮ್ಯುನೋಥೆರಪಿ ಚಿಕಿತ್ಸೆ ಇದಕ್ಕೆ ಚೆನ್ನಾಗಿ ನಾಟುತ್ತದೆ. ‘ಜೀನ್ ಶುದ್ಧಿ’ ಎಂದು ಡಬ್ಬಿಯಲ್ಲಿ ಪುಡಿ ಮಾರುವವರು ಬಂದರೆ ಕಾಫಿ ಕೊಟ್ಟು ಕಳಿಸಿ, ದುಡ್ಡು ಕೊಡಬೇಡಿ.

ನಿಮ್ಮ ವಯಸ್ಸು ಬರೆದಿಲ್ಲ. ಹೆತ್ತವರಿಗೆ ಕರುಳಿನ ಕ್ಯಾನ್ಸರ್ ಆಗಿದ್ದರೆ, ಅದು ಯಾವ ಬಗೆಯದೇ ಇರಲಿ, 40 ದಾಟಿದ ಮಕ್ಕಳು ಕೊಲೊನೋಸ್ಕೋಪಿ, ಅಂದರೆ ಕ್ಯಾಮೆರಾದ ಕೊಳವೆ ಇಳಿಸಿ ಕರುಳಿನ ಒಳಗೆ ನೋಡುವ ಪರೀಕ್ಷೆ, ಮಾಡಿಸಿಕೊಳ್ಳುವುದು ಒಳ್ಳೆಯದು. ನೀವೂ ಅಕ್ಕನೂ ಒಂದೇ ದಿನ ಹೋಗಿ ಬನ್ನಿ. ಹುಡುಗಿಗೆ ಇದರ ಸಲುವಾಗಿ ಈಗ ಯಾವ ಟೆಸ್ಟೂ ಬೇಡ. ಗಂಡಿನ ಕಡೆಯವರು ಕೇಳಿದರೆ ಎರಡನೇ ಹಾಳೆಯನ್ನೇ ತೋರಿಸಿ.