ಚೀನಾದ ವೈ-5 ಅಂದ್ರೆ ಆನ್-2 ತಾನೇ? ಮತ್ತೆ ಇಷ್ಟೊಂದು ಹೆಸರು ಯಾಕೆ?

ನೀವು ಕೇಳಿದ್ದು ಎರಡು ಪ್ರಶ್ನೆ. ಚೀನಾದ ವೈ-5 ಬೈಪ್ಲೇನು ಸೋವಿಯತ್ ಆನ್-2ರ ನಕಲೇ? ನಕಲೇ ಆದರೆ ನಾನ್‌ಚಾಂಗ್ ವೈ-5, ಶಿಜಿಯಾಜುವಾಂಗ್ ವೈ-5, ವೈ-5ಬಿ ಅಂತೆಲ್ಲ ಹೆಸರು ಯಾಕೆ?

ನಕಲು ಹೌದು, ಆದರೆ ಕದ್ದಿದ್ದಲ್ಲ, ಲೈಸೆನ್ಸ್ ಪಡೆದು ಕಟ್ಟಿದ್ದು. ಹೆಸರುಗಳ ವಿಷಯಕ್ಕೆ ಬಂದರೆ, ಈ ವಿಮಾನ ಬದಲಾಗಿದ್ದು ಕಡಿಮೆ. ಅದನ್ನು ಕಟ್ಟುವ ಊರು ಮತ್ತು ಅದು ಮಾಡುವ ಕೆಲಸ ಬದಲಾಗುತ್ತಾ ಹೋದವು. ಹೆಸರುಗಳು ಅದರ ಹಿಂದೆಯೇ ಓಡಿವೆ.

ನಾನು ವಿಮಾನ ಕಾರ್ಖಾನೆಯವನಲ್ಲ. ಪ್ಲಾಸ್ಟಿಕ್ ಮಾದರಿಗಳನ್ನು ಜೋಡಿಸುವ ಹುಚ್ಚು, ಅಷ್ಟೇ. ಈ ವಿಮಾನದ ಬಗ್ಗೆ ಓದಬೇಕಾಗಿ ಬಂದದ್ದೂ ಒಂದು ಎಡವಟ್ಟಿನಿಂದಲೇ. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಮೂಲ ವಿಮಾನ ಸೋವಿಯತ್ ವಿಮಾನ ವಿನ್ಯಾಸಕ ಒಲೆಗ್ ಆಂತೊನೊವ್ ಅವರದು. 1947ರ ಆಗಸ್ಟ್ 31ರಂದು ಮೊದಲ ಹಾರಾಟ. ಜೆಟ್ ವಿಮಾನಗಳು ಬಂದಿದ್ದ ಕಾಲದಲ್ಲಿ ಎರಡು ಜೊತೆ ರೆಕ್ಕೆಯ, ಅರ್ಧ ಬಟ್ಟೆ ಹೊದಿಸಿದ ವಿಮಾನ! ನೋಡಿದವರಿಗೆ ನಗು ಬಂದಿರಬೇಕು. ಆದರೆ ಆಂತೊನೊವ್‌ಗೆ ಬೇಕಿದ್ದದ್ದು ವೇಗವಲ್ಲ. ಹೊಲ, ಹುಲ್ಲುಗಾವಲು, ಹಿಮ, ಎಲ್ಲಿ ಬೇಕಾದರೂ ಇಳಿದು ಏಳಬೇಕು. ವೇಗ ಕಡಿಮೆಯಾದರೆ ಮೇಲಿನ ರೆಕ್ಕೆಯ ಮುಂದಿನ ಅಂಚಿನಲ್ಲಿರುವ ಪಟ್ಟಿಗಳು ತಾವಾಗಿಯೇ ತೆರೆದುಕೊಳ್ಳುತ್ತವೆ. ಪೈಲಟ್ ಕೈ ಹಾಕಬೇಕಿಲ್ಲ. ಇನ್ನೂರು ಮೀಟರ್ ಆಸುಪಾಸಿನ ಬಯಲು ಸಿಕ್ಕರೆ ಸಾಕು. ಹನ್ನೆರಡು ಜನ, ಇಲ್ಲವೇ ಒಂದೂವರೆ ಟನ್ ಸಾಮಾನು ಹೊರುತ್ತದೆ. ಪಂಪು ವಿಮಾನದಲ್ಲೇ ಇರುವುದರಿಂದ ಡ್ರಮ್ಮಿನಿಂದ ನೇರವಾಗಿ ಪೆಟ್ರೋಲು ಎಳೆದುಕೊಳ್ಳಬಹುದು. ಊರಾಚೆಯ ಬಯಲಲ್ಲಿ ಕೆಲಸ ಮಾಡುವವರಿಗೆ ಇದು ಸಣ್ಣ ವಿಷಯವಲ್ಲ.

ಹೊಸದಾಗಿ ವಿಮಾನ ಕಟ್ಟಲು ಕಲಿಯುತ್ತಿದ್ದ ದೇಶಕ್ಕೆ ಇಂಥದ್ದೇ ಸರಿ ಅಲ್ವಾ? ಚೀನಾದ ನಾನ್‌ಚಾಂಗ್ ಊರಿನ ವಿಮಾನ ಕಾರ್ಖಾನೆ 1954ರಲ್ಲಿ ಯಾಕ್-18 ತರಬೇತಿ ವಿಮಾನವನ್ನು ಕಟ್ಟಿ ಹಾರಿಸಿತ್ತು. ಮುಂದಿನ ಮೆಟ್ಟಿಲಾಗಿ ಆನ್-2 ಬಂತು. ಅಲ್ಲಿ ಕಟ್ಟಿದ ಮೊದಲನೆಯದು 1957ರ ಡಿಸೆಂಬರ್‌ನಲ್ಲಿ ಹಾರಿತು. ಸೋವಿಯತ್ ತಜ್ಞರು ಚೀನಾ ಬಿಟ್ಟು ಹೋದದ್ದು 1960ರಲ್ಲಿ. ಅಷ್ಟರಲ್ಲಿ ಈ ವಿಮಾನ ಕೈಗೆ ಒಗ್ಗಿತ್ತು. ಎಂಜಿನ್ನೂ ಚೀನಾದಲ್ಲೇ ತಯಾರಾಗತೊಡಗಿತು. ಅದರ ಹೆಸರು ಹುವೊಸಾಯ್-5, ಹುವೊಸಾಯ್ ಎಂದರೆ ಪಿಸ್ಟನ್. ಒಂಬತ್ತು ಸಿಲಿಂಡರ್, ಸಾವಿರ ಹಾರ್ಸ್‌ಪವರ್. ತಮಾಷೆ ಏನೆಂದರೆ ಅದರ ಸೋವಿಯತ್ ಮೂಲದ ಬೇರು ಅಮೆರಿಕದ ರೈಟ್ ಸೈಕ್ಲೋನ್ ಎಂಜಿನ್ನಿನಲ್ಲಿದೆ. ಅದನ್ನೂ ಲೈಸೆನ್ಸ್ ಮೇಲೆಯೇ ತಂದಿದ್ದರು. ಶೀತಲ ಸಮರದ ಮೂರೂ ಮನೆಯ ನೆಂಟಸ್ತಿಕೆ ಒಂದೇ ಎಂಜಿನ್ನಲ್ಲಿ!

ಇನ್ನು "ವೈ-1ರಿಂದ ವೈ-4 ಎಲ್ಲಿ ಹೋದವು?" ಅಂತ ತುಂಬಾ ಜನ ಕೇಳುತ್ತಾರೆ. ಎಲ್ಲೂ ಹೋಗಿಲ್ಲ, ಇರಲೇ ಇಲ್ಲ. ವೈ ಎಂದರೆ ಯುನ್‌ಶುಜಿ, ಸಾಗಣೆ ವಿಮಾನ. ಚೀನಾದವರು ಹೊಸ ಹೆಸರಿಡುವ ಪದ್ಧತಿ ತಂದಾಗ ಪ್ರತಿ ಜಾತಿಯ ಎಣಿಕೆಯನ್ನೂ ಐದರಿಂದ ಶುರು ಮಾಡಿದರು. ಫೈಟರ್‌ಗಳಲ್ಲಿ ಜೆ-5, ಹೆಲಿಕಾಪ್ಟರ್‌ಗಳಲ್ಲಿ ಝಡ್-5, ಬಾಂಬರ್‌ಗಳಲ್ಲಿ ಎಚ್-5. ಅದಕ್ಕೂ ಮುಂಚೆ ಈ ವಿಮಾನಕ್ಕೆ ಫೆಂಗ್‌ಶೌ-2 ಎಂಬ ಹೆಸರಿತ್ತು. ಫೆಂಗ್‌ಶೌ ಎಂದರೆ ಭರ್ಜರಿ ಸುಗ್ಗಿ. ನನಗೇನೋ ಆ ಹೆಸರೇ ಚೆಂದ ಅನಿಸುತ್ತದೆ.

ನಾನ್‌ಚಾಂಗ್‌ನಲ್ಲಿ 1968ರವರೆಗೆ 700ಕ್ಕೂ ಹೆಚ್ಚು ವಿಮಾನ ಕಟ್ಟಿದರು. 1970ರಲ್ಲಿ ಕೆಲಸ ಹೆಬೆ ಪ್ರಾಂತ್ಯದ ಶಿಜಿಯಾಜುವಾಂಗ್‌ಗೆ ವರ್ಗವಾಯಿತು. ಹಾಗಾಗಿ ಎರಡು ಊರಿನ ಹೆಸರು. ಹೆಸರು ಬೇರೆಯಾದ ಮಾತ್ರಕ್ಕೆ ವಿಮಾನ ಬೇರೆ ಅಂದುಕೊಳ್ಳಬೇಡಿ. ಎರಡೂ ಕಡೆ ಸೇರಿ ಒಟ್ಟು ಸಾವಿರಕ್ಕೂ ಜಾಸ್ತಿ. ಪೋಲೆಂಡ್‌ನ ಮಿಯೆಲೆಟ್ಸ್‌ನಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಆನ್-2 ಕಟ್ಟಿದ್ದಾರೆ. ಅದರ ಮುಂದೆ ಇದು ಚಿಕ್ಕ ಲೆಕ್ಕವೇ.

ಮಾದರಿಗಳಲ್ಲಿ ಜನ ಮತ್ತು ಸಾಮಾನು ಸಾಗಿಸುವ ವೈ-5, ವೈ-5ಎ ಬಗ್ಗೆ ಹೇಳುವುದು ಜಾಸ್ತಿಯಿಲ್ಲ. ಸ್ವಾರಸ್ಯ ಇರುವುದು 1989ರಲ್ಲಿ ಹಾರಿದ ವೈ-5ಬಿಯಲ್ಲಿ. ಇದು ಹೊಲ ಮತ್ತು ಕಾಡಿನ ಕೆಲಸಕ್ಕೇ ಮಾಡಿದ್ದು. ಔಷಧಿ ಸಿಂಪಡಿಸುವುದು, ಮಿಡತೆ ಹಾವಳಿ ತಡೆಯುವುದು, ಮರಳುಗಾಡಿನ ಅಂಚಿನಲ್ಲಿ ಆಕಾಶದಿಂದ ಬೀಜ ಬಿತ್ತುವುದು. ಮಜಾ ಏನೆಂದರೆ, ವೈ-5ರ ಜಾಗ ತುಂಬಲೆಂದೇ ಹಾರ್ಬಿನ್‌ನಲ್ಲಿ ವೈ-11 ಎಂಬ ಎರಡು ಎಂಜಿನ್ನಿನ ವಿಮಾನ ಮಾಡಿ 1975ರಲ್ಲಿ ಹಾರಿಸಿದ್ದರು. ಅದು ಕೆಲವೇ ಹತ್ತಾರು ಸಂಖ್ಯೆಗೆ ನಿಂತಿತು. ಮುದುಕ ವೈ-5 ಮಾತ್ರ ಜಾಗ ಬಿಡಲಿಲ್ಲ.

ವೈ-5ಬಿಯಿಂದ ಮುಂದೆ ವೈ-5ಬಿ-100 ಬಂತು. ಇದರ ಮೇಲಿನ ರೆಕ್ಕೆಯ ತುದಿಯಲ್ಲಿ, ಕೈಬೆರಳು ಅಗಲಿಸಿದ ಹಾಗೆ, ಮೂರು ಪುಟ್ಟ ರೆಕ್ಕೆಗಳಿವೆ. ರೆಕ್ಕೆ ತುದಿಯಲ್ಲಿ ಏಳುವ ಗಾಳಿ ಸುಳಿಯನ್ನು ತಗ್ಗಿಸಲು ಈ ಏರ್ಪಾಡು. ಹದ್ದು ತೇಲುವಾಗ ರೆಕ್ಕೆ ತುದಿಯ ಗರಿ ಬಿಡಿಸುತ್ತದಲ್ಲ, ಅದೇ ಲೆಕ್ಕ. ಸೈನ್ಯ ಬಳಸುವ ವೈ-5ಗಳಲ್ಲೂ ಇಂಥವು ಕಾಣುತ್ತವೆ. ಚೀನಾದ ಪ್ಯಾರಾಟ್ರೂಪರ್‌ಗಳು ದಶಕಗಳ ಕಾಲ ಜಿಗಿತ ಕಲಿತದ್ದು ಈ ವಿಮಾನದಿಂದ. ನಿಧಾನಕ್ಕೆ ಹಾರುವ ವಿಮಾನದಿಂದ ಮೊದಲ ಸಲ ಹಾರುವುದು ಎದೆಗೂ ಸ್ವಲ್ಪ ಹಗುರ ಇರಬೇಕು.

2018ರಲ್ಲಿ ಇನ್ನೂ ಒಂದು ರೂಪ ಬಂತು, ಫೆಯ್‌ಹಾಂಗ್-98. ವೈ-5ಬಿಯಿಂದ ಪೈಲಟ್‌ನನ್ನು ಇಳಿಸಿ ಸರಕಿನ ಡ್ರೋನ್ ಮಾಡಿದ್ದಾರೆ. ಹೊರುವ ಭಾರ ಅದೇ ಒಂದೂವರೆ ಟನ್.

ಈಗ ನನ್ನ ಎಡವಟ್ಟು. ನಾನು ತಂದ ಕಿಟ್ಟಿನ ಡಬ್ಬಿ ಮೇಲೆ ಆನ್-2 ಅಂತಿತ್ತು. ಒಳಗೆ ಚೀನಾ ವಾಯುಸೇನೆಯ ಸ್ಟಿಕರ್‌ಗಳೂ ಇದ್ದವು. ಸುಮ್ನೆ ಜೋಡಿಸಿ, ಬಣ್ಣ ಬಳಿದು, ಸ್ಟಿಕರ್ ಅಂಟಿಸಿದೆ. ಆಮೇಲೆ ಫೋಟೋ ಹುಡುಕಿದರೆ ಅದೇ ನಂಬರಿನ ನಿಜವಾದ ವಿಮಾನಕ್ಕೆ ರೆಕ್ಕೆ ತುದಿಯಲ್ಲಿ ಆ ಮೂರು ಬೆರಳು! ಕಿಟ್ಟಿನಲ್ಲಿ ಅವು ಇರಲೇ ಇಲ್ಲ. ನಿಮಗೂ ಫೋಟೋದಲ್ಲಿ ಗುರುತಿಸಬೇಕಿದ್ದರೆ ಮೊದಲು ಅಲ್ಲೇ ನೋಡಿ. ಬೆರಳು ಕಂಡರೆ ಅದು ಶಿಜಿಯಾಜುವಾಂಗ್‌ನ ಹೊಸ ಕಾಲದ್ದು. ಕಾಣದಿದ್ದರೆ ಆನ್-2ಕ್ಕೂ ವೈ-5ಕ್ಕೂ ದೂರದಿಂದ ವ್ಯತ್ಯಾಸ ಹೇಳುವುದು ಕಷ್ಟ, ಗುರುತು, ನಂಬರುಗಳನ್ನೇ ನಂಬಬೇಕು.

ಕೊನೆಗೆ ಹಳೇ ಐಸ್‌ಕ್ರೀಮ್ ಡಬ್ಬಿ ಮುಚ್ಚಳ ಕತ್ತರಿಸಿ ಆರು ಚೂರು ಮಾಡಿ, ಗೋಂದಿನಲ್ಲಿ ಅಂಟಿಸಿದೆ. ಐದು ಇನ್ನೂ ಇವೆ.