ಜಲ್ಲಿ ಜಾಸ್ತಿ ಸುರಿದರೆ ರೈಲ್ವೆ ಸೇತುವೆ ನಡುಗೋದು ನಿಲ್ಲುತ್ತಾ?

ಪ್ರಶ್ನೆ: ದಾವಣಗೆರೆಯಲ್ಲಿ ರೈಲ್ವೆ ಕೆಳಸೇತುವೆ ಪಕ್ಕದಲ್ಲೇ ನಮ್ಮ ಅಂಗಡಿ. ಗೂಡ್ಸ್ ಹೋದರೆ ಶೋಕೇಸ್ ಗಾಜು ಗಡಗಡ ಅನ್ನುತ್ತೆ. ಪ್ಯಾಸೆಂಜರ್ ಗಾಡಿಗೆ ಅಷ್ಟಿಲ್ಲ. ಹಳಿ ಕೆಳಗೆ ಇನ್ನಷ್ಟು ಜಲ್ಲಿ ಸುರಿದರೆ ಸರಿ ಹೋಗುತ್ತಾ ಸರ್? ಜಲ್ಲಿ ಭಾರಕ್ಕೇ ಸೇತುವೆ ಅಲ್ಲಾಡದೆ ನಿಂತಿರುತ್ತೆ ಅಂತಾರೆ ಪಕ್ಕದ ಅಂಗಡಿಯವರು.

ಉತ್ತರ: ಪಕ್ಕದ ಅಂಗಡಿಯವರು ಹೇಳಿದ್ದು ಅರ್ಧ ಸರಿ. ಜಲ್ಲಿಗೆ ಭಾರ ಇದೆ ನಿಜ, ಆದರೆ ನಡುಕವನ್ನು ತಿನ್ನುವುದು ಆ ಭಾರವಲ್ಲ, ಕಲ್ಲಿಗೆ ಕಲ್ಲು ಉಜ್ಜುವುದು. ಖಾಲಿ ಸ್ಟೀಲ್ ಡಬ್ಬ ತಟ್ಟಿದರೆ ಠಣ್ ಅಂತ ಎಷ್ಟೋ ಹೊತ್ತು ಗುಂಯ್‌ಗುಡುತ್ತದೆ, ಅಕ್ಕಿ ತುಂಬಿ ತಟ್ಟಿದರೆ ದಬ್ ಅಂತ ಅಲ್ಲೇ ಮುಗಿಯುತ್ತದೆ ಅಲ್ವಾ? (ನಮ್ಮೂರ ಮಂಡಕ್ಕಿ ತುಂಬಿ ನೋಡಬೇಡಿ, ಅದು ಲೆಕ್ಕಕ್ಕಿಲ್ಲ.) ಜಲ್ಲಿ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಒಂದು ಗಾಲಿಯ ಪೆಟ್ಟನ್ನು ಅಗಲಕ್ಕೆ ಹಂಚುತ್ತದೆ.

ಜಾಸ್ತಿ ಸುರಿದರೆ? ಸುಮ್ನೆ ಲೆಕ್ಕ ಹಾಕಿ. ಸೇತುವೆ 12 ಮೀಟರ್ ಉದ್ದ, ಜಲ್ಲಿ ಹಾಸು ನಾಲ್ಕೂವರೆ ಮೀಟರ್ ಅಗಲ ಅಂದುಕೊಳ್ಳಿ. ಇನ್ನು 10 ಸೆಂಟಿಮೀಟರ್ ಏರಿಸಿದರೂ 9 ಟನ್‌ಗೆ ಕಡಿಮೆ ಇಲ್ಲದ ಹೊರೆ, ಅದೂ ರೈಲು ಬರಲಿ ಬಿಡಲಿ ದಿನವಿಡೀ ಸೇತುವೆ ಮೇಲೇ. ಭಾರ ಕೂಡಿದಷ್ಟೂ ಸೇತುವೆ ನಿಧಾನವಾಗಿ ಮಿಡಿಯುತ್ತದೆ. ನಮ್ಮ ಕಡೆಯ ವೇಗಕ್ಕೆ ಇದರಿಂದ ದೊಡ್ಡ ಅಪಾಯವಿಲ್ಲ. 24 ಮೀಟರ್ ಬೋಗಿಗಳ ರೈಲು ಗಂಟೆಗೆ 110 ಕಿ.ಮೀ. ಓಡಿದರೆ ಬೋಗಿಗಳ ಪೆಟ್ಟು ಸೆಕೆಂಡಿಗೆ ಒಂದೂಕಾಲು ಸಲ ಬೀಳುತ್ತದೆ, ಇಂಥ ಗಿಡ್ಡ ಕಾಂಕ್ರೀಟ್ ಸೇತುವೆ ಮಿಡಿಯುವುದು ಅದರ ಎಷ್ಟೋ ಪಟ್ಟು ಬೇಗ. ಎರಡರ ತಾಳ ಸುಲಭಕ್ಕೆ ಕೂಡುವುದಿಲ್ಲ.

ತಾಳ ಕೂಡಿ ಪ್ರತಿ ಪೆಟ್ಟಿಗೂ ಅಲುಗಾಟ ಬೆಳೆಯುತ್ತಾ ಹೋದರೆ ಏನಾಗುತ್ತದೆ ಅಂತ ಗೊತ್ತಾಗಿದ್ದು ಫ್ರಾನ್ಸ್‌ನಲ್ಲಿ. 1981ರಲ್ಲಿ ಶುರುವಾದ ಪ್ಯಾರಿಸ್–ಲಿಯಾನ್ ವೇಗದ ಮಾರ್ಗದ ಕೆಲವು ಗಿಡ್ಡ ಸೇತುವೆಗಳ ಮೇಲೆ ಜಲ್ಲಿಯೇ ಸಡಿಲಗೊಂಡು ಹಳಿ ಓರೆಯಾಗತೊಡಗಿತು. ಆಮೇಲೆ ಜರ್ಮನಿಯಲ್ಲಿ ಪರೀಕ್ಷೆ ಮಾಡಿ ನೋಡಿದಾಗ, ಸೇತುವೆಯ ಅಲುಗಾಟದ ವೇಗೋತ್ಕರ್ಷ (ವೇಗ ಬದಲಾಗುವ ದರ) ಗುರುತ್ವದ್ದರ ಸುಮಾರು 0.7 ಪಟ್ಟು ದಾಟಿದರೆ ಕಲ್ಲುಗಳ ಹಿಡಿತ ತಪ್ಪುತ್ತದೆ ಅಂತ ತಿಳಿಯಿತು. ಯುರೋಪಿನ ನಿಯಮ ಅದರ ಅರ್ಧಕ್ಕೆ, 0.35ಕ್ಕೆ, ಗೆರೆ ಎಳೆದಿದೆ. ಅಂದರೆ ಜಲ್ಲಿ ನಡುಕವನ್ನು ತಿನ್ನುತ್ತದೆ, ನಡುಕ ಅತಿಯಾದರೆ ಜಲ್ಲಿಯನ್ನೇ ತಿನ್ನುತ್ತದೆ.

ಇನ್ನು ನಿಮ್ಮ ಗಾಜು. ತುಂಬಿದ ಗೂಡ್ಸ್‌ನ ಒಂದೊಂದು ಅಚ್ಚಿನ ಮೇಲೆ 22 ಟನ್ ದಾಟಿದ ಭಾರ ಇರಬಹುದು, ಪ್ಯಾಸೆಂಜರ್ ಬೋಗಿಗೆ ಅಷ್ಟಿರುವುದಿಲ್ಲ. ಆದರೆ ನನ್ನ ಅನುಮಾನ ಸೇತುವೆಗಿಂತ ಅದರ ಎರಡು ತುದಿಗಳ ಮೇಲೆ. ಮಣ್ಣಿನ ಏರಿ ಕುಸಿಯುತ್ತದೆ, ಕಾಂಕ್ರೀಟ್ ಕುಸಿಯುವುದಿಲ್ಲ, ನಡುವೆ ಸ್ಲೀಪರ್ (ಹಳಿ ಕೆಳಗಿನ ಅಡ್ಡ ತೊಲೆ) ಅಡಿಯಲ್ಲಿ ಪೊಳ್ಳು ಬಿದ್ದು ಪ್ರತಿ ಗಾಲಿಗೂ ಸುತ್ತಿಗೆಯ ಹಾಗೆ ಬಡಿಯುತ್ತದೆ. ಕೆಸರು, ಪುಡಿ ತುಂಬಿದ ಹಳೇ ಜಲ್ಲಿಯಾದರೆ ಇನ್ನೂ ಕಷ್ಟ. ಅಲ್ಲಿಗೆ ಹೊಸ ಜಲ್ಲಿಯನ್ನು ಮೇಲೆ ಸುರಿದರೆ ಏನೂ ಆಗದು. ಹಳೆಯದನ್ನು ಜರಡಿ ಹಿಡಿದು, ಸ್ಲೀಪರ್ ಕೆಳಗೆ ಬಿಗಿಯಾಗಿ ತುಂಬಬೇಕು.

ಹಳಿ ಮೇಲೆ ಮಾತ್ರ ಹತ್ತಬೇಡಿ. ರಸ್ತೆಯಿಂದಲೇ ನೋಡಿ, ಸೇತುವೆ ತುದಿಯ ಸ್ಲೀಪರ್ ಸುತ್ತ ಕಲ್ಲು ಬೆಳ್ಳಗೆ ಪುಡಿಯಾಗಿದೆಯೇ, ಮಳೆಗಾಲದಲ್ಲಿ ಕೆಸರು ಚಿಮ್ಮುತ್ತದೆಯೇ ಅಂತ. ಹಾಗಿದ್ದರೆ ಫೋಟೋ ಸಮೇತ ಸ್ಟೇಷನ್ ಮಾಸ್ಟರ್‌ಗೆ ಬರೆದುಕೊಡಿ. ‘ಜಲ್ಲಿ ಹಾಕಿಸಿ’ ಅಂತ ಬರೆಯಬೇಡಿ, ‘ಸೇತುವೆ ತುದಿಯಲ್ಲಿ ಸ್ಲೀಪರ್ ಬಡಿಯುತ್ತಿದೆ’ ಅಂತ ಬರೆಯಿರಿ.